ಕಸೂತಿ ಕಲಿಯುವವರೇ, ಬಟ್ಟೆ ಮಗುಚಿ ನೋಡಿ

ಹೊಸದಾಗಿ ಕಸೂತಿ ಹಾಕಿದವರ ಬಟ್ಟೆ ಮಗುಚಿದರೆ ಬಹಳ ಸಲ ಕಾಣುವುದು ಗಂಟು, ಅಡ್ಡಾದಿಡ್ಡಿ ಹಾರಿದ ದಾರ. ಮೇಲೆ ಗೋಪುರ ಅಚ್ಚುಕಟ್ಟಾಗಿರುತ್ತದೆ. ಆದರೆ ಧಾರವಾಡ ಸೀಮೆಯ ಈ ಕಲೆಯ ಹೆಚ್ಚುಗಾರಿಕೆ ಇರುವುದೇ ಹಿಂಬದಿಯಲ್ಲಿ. ಇಳಕಲ್ ಸೀರೆಯ ಸೆರಗಿಗೆ ತೇರು, ಆನೆ, ತುಳಸಿಕಟ್ಟೆ ಮೂಡಿಸಿದ ಹೆಣ್ಣುಮಕ್ಕಳು ಗೆರೆ ಎಳೆದುಕೊಂಡವರಲ್ಲ, ಎಳೆ ಎಣಿಸಿ ಹೊಲಿದವರು. ಟ್ರೇಸಿಂಗ್ ಮೇಲೆ ಹೊಲಿದದ್ದು ಎಷ್ಟೇ ಚೆಂದವಿರಲಿ, ಅದನ್ನು ಕಸೂತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕಲಿಯಲು ಮ್ಯಾಟಿ ಬಟ್ಟೆ ಒಳ್ಳೆಯದು, ಅದರ ತೂತುಗಳು ಕಣ್ಣಿಗೆ ಕಾಣುತ್ತವೆ. ಅರ್ಧ ಮೀಟರ್ ಸಾಕು. ಜತೆಗೆ ಮೊಂಡು ತುದಿಯ 24ನೇ ನಂಬರಿನ ಸೂಜಿ, ಆರೆಳೆಯ ದಾರದ ಲಡಿ. ಇವಕ್ಕೆ ಹುಬ್ಬಳ್ಳಿಯ ದುರ್ಗದಬೈಲ್, ಧಾರವಾಡದ ಸುಭಾಸ ರಸ್ತೆಯ ಕಡೆ ವಿಚಾರಿಸಿ. ಆರರಲ್ಲಿ ಎರಡೆಳೆ ಬಿಡಿಸಿಕೊಳ್ಳಿ. ಒಂದು ಮೊಳಕ್ಕಿಂತ ಉದ್ದ ದಾರ ಬೇಡ, ಜುಂಗೆದ್ದು ಸಿಕ್ಕಾಗುತ್ತದೆ. ಕೆಂಪು ದಾರವಾದರೆ ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬಳಸಬೇಡಿ.

ಮೊದಲು ಗವಂತಿ ಹೊಲಿಗೆ. ದಾರದ ತುದಿಗೆ ಗಂಟು ಹಾಕದೆ, ಎರಡಿಂಚು ಬಾಲ ಬಿಟ್ಟು ಸೂಜಿಯನ್ನು ಕೆಳಗಿನಿಂದ ಮೇಲೆ ತನ್ನಿ. ಒಂದು ತೂತಿನಿಂದ ಮುಂದಿನ ತೂತಿಗೆ ಒಂದು ಹೊಲಿಗೆ ಮೇಲೆ, ಇನ್ನೊಂದು ಕೆಳಗೆ. ಹೀಗೆ ಹತ್ತು ಹೊಲಿಗೆ ಹೋಗಿ, ಅವೇ ತೂತುಗಳಲ್ಲಿ ಹಿಂದಿರುಗಿ. ನಡುವಿನ ಖಾಲಿ ಜಾಗ ತುಂಬಿ ಎರಡೂ ಮಗ್ಗುಲಲ್ಲಿ ಒಂದೇ ಗೆರೆ ಕಾಣಬೇಕು. ಬಾಲವನ್ನು ಕೊನೆಗೆ ಸೂಜಿಗೆ ಪೋಣಿಸಿ, ಹಾಕಿದ ಹೊಲಿಗೆಗಳಿಗೆ ಸುತ್ತಿ ಕತ್ತರಿಸಿ.

ನೇರ ಗೆರೆ ಎಲ್ಲರಿಗೂ ಬರುತ್ತದೆ. ಕೈ ತಪ್ಪುವುದು ಚೌಕದಲ್ಲಿ. ನಾಲ್ಕು ಹೊಲಿಗೆಯ ಚೌಕ ಸುತ್ತಿ ಹೊರಟ ತೂತಿಗೆ ಬಂದ ಮೇಲೆ, ಕೈ ತಾನಾಗಿ ಅದೇ ದಿಕ್ಕಿಗೆ ಎರಡನೇ ಸುತ್ತು ಹೊರಡುತ್ತದೆ. ಆಗ ಮೇಲಿದ್ದ ಹೊಲಿಗೆಯ ಮೇಲೆಯೇ ಮತ್ತೆ ದಾರ ಬೀಳುತ್ತದೆ, ಖಾಲಿ ಬಿಟ್ಟದ್ದು ಖಾಲಿಯೇ ಉಳಿಯುತ್ತದೆ. ಅದನ್ನು ತುಂಬಲು ದಾರ ಹಾರಿಸುತ್ತಾರೆ, ಹಿಂಬದಿ ಕೆಡುವುದು ಅಲ್ಲಿಂದಲೇ. ಸುತ್ತು ಮುಗಿದೊಡನೆ ದಿಕ್ಕು ಬದಲಿಸಿ, ಹೋದ ದಾರಿಯಲ್ಲೇ ವಾಪಸ್ ಬನ್ನಿ. ಆನೆಯ ಸೊಂಡಿಲು, ಗೋಪುರದ ಕಳಸದಂಥ ಕವಲು ಬಂದಾಗಲೂ ಇದೇ ನಿಯಮ: ಕವಲಿನ ತುದಿಗೆ ಹೋಗಿ, ಅದೇ ದಾರಿಯಲ್ಲಿ ಬುಡಕ್ಕೆ ಬಂದು, ಆಮೇಲೆ ಮುಂದೆ ಸಾಗಿ. ಚಿತ್ರದ ಯಾವ ಗೆರೆಯ ಮೇಲೂ ದಾರ ಎರಡೇ ಸಲ ಓಡಬೇಕು, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಗ್ರಾಫ್ ಹಾಳೆಯ ಮೇಲೆ ಈ ದಾರಿಯನ್ನು ಬಾಣದ ಗುರುತಿನಿಂದ ಬರೆದುಕೊಳ್ಳದೆ ನವಿಲಿಗೆ ಕೈ ಹಾಕಲೇಬೇಡಿ. ಒಂದು ಆನೆಯಿಂದ ಪಕ್ಕದ ಆನೆಗೆ ಹಿಂದಿನಿಂದ ದಾರ ಎಳೆಯುವುದೂ ಬೇಡ. ಅಲ್ಲೇ ಮುಗಿಸಿ, ಹೊಸ ದಾರ ಹಿಡಿಯಿರಿ.

ಮುರ್ಗಿ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಗವಂತಿ. ಹೋಗುವಾಗ ಅಡ್ಡ ಹೊಲಿಗೆ ಮೇಲೆ, ಉದ್ದದ್ದು ಕೆಳಗೆ. ಬರುವಾಗ ಅದಲುಬದಲು.

ನೇಯ್ಗಿಯಲ್ಲಿ ಉದ್ದ, ಗಿಡ್ಡ ಹೊಲಿಗೆಗಳು ಸಾಲಾಗಿ ಬಂದು ನೇಯ್ದಂತೆ ಕಾಣುತ್ತವೆ. ಮೆಂತಿ ಎಂದರೆ ಅಡ್ಡಕತ್ತರಿ ಹೊಲಿಗೆ, ದಾರ ಹೆಚ್ಚು ಹಿಡಿಯುತ್ತದೆ. ಇವೆರಡರ ಹಿಂಬದಿ ಮುಂಬದಿಯಂತೆ ಇರುವುದಿಲ್ಲ, ಅದು ತಪ್ಪಲ್ಲ. ಗವಂತಿ, ಮುರ್ಗಿ ಎರಡೂ ಮ್ಯಾಟಿಯ ಮೇಲೆ ಸರಿಬರುವವರೆಗೆ ಸೀರೆ ಮುಟ್ಟಬೇಡಿ.