ಗಣಕಯಂತ್ರದ ಕಡತಗಳನ್ನು ಬಗೆಯರಿತು ಗುಂಪುಗೂಡಿಸುವದು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರು ಒಂದು ಸಂಗತಿಯನ್ನು ಬಲ್ಲರು. ಅಲ್ಲಿ ದ್ವಿತಳಿಯ ಬಿಳಿಯ ಗೂಡನ್ನೂ ಮಿಶ್ರತಳಿಯ ಹಳದಿ ಛಾಯೆಯ ಗೂಡನ್ನೂ ಒಂದೇ ರಾಶಿಯಲ್ಲಿ ಬೆರಸಿ ಹರಾಜಿಗೆ ಇಡುವದಿಲ್ಲ. ಕೊಂಡುಹೋದ ನೂಲು ಬಿಚ್ಚುವವರು ಸಹ ಜೋಡಿಗೂಡು, ಕಲೆಬಿದ್ದ ಗೂಡು, ತೆಳುಗೂಡು ಇವುಗಳನ್ನು ಆರಿಸಿ ಪ್ರತ್ಯೇಕಿಸಿದ ಮೇಲೆಯೇ ಒಲೆ ಹೊತ್ತಿಸುತ್ತಾರೆ. ಚನ್ನಪಟ್ಟಣದ ಆಟಿಕೆ ಮಾಡುವವನಾದರೂ ಬಣ್ಣಬಣ್ಣದ ಅರಗಿನ ಕಡ್ಡಿಗಳನ್ನು ಬೇರೆಬೇರೆಯಾಗಿ ಕೈಗೆಟಕುವಂತೆ ಇಟ್ಟುಕೊಂಡೇ ಕಡೆಯುವ ಯಂತ್ರದ ಮುಂದೆ ಕುಳಿತುಕೊಳ್ಳುತ್ತಾನೆ. ಹೀಗಿರಲಾಗಿ, ಅಡಿಗೆಮನೆಯ ಡಬ್ಬಗಳನ್ನು ಕಣ್ಣು ಮುಚ್ಚಿ ತೆಗೆಯಬಲ್ಲ ನಮ್ಮ ಗೃಹಿಣಿಯರ ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಮಾತ್ರ ಮಗಳ ಅಂಕಪಟ್ಟಿ, ಮಾಗಡಿಯ ಹೊಲದ ಪಹಣಿ, ನಾದಿನಿಯ ಮದುವೆಯ ಚಿತ್ರಗಳು, ಗೂಡು ಮಾರಿದ ಬಿಲ್ಲು, ಯಾರೋ ಕಳುಹಿಸಿದ ಹಾಡು ಇವೆಲ್ಲವೂ ‘ಡೌನ್‌ಲೋಡ್ಸ್’ ಎಂಬ ಒಂದೇ ಚೀಲದಲ್ಲಿ ಬಿದ್ದಿರುವದು ಯಾಕೆ? ಅವರು ಅಲಕ್ಷ್ಯ ಮಾಡಿದ್ದರಿಂದ ಹೀಗಾಯಿತೆಂದು ನಾವು ಹೇಳುವದಿಲ್ಲ. ಈ ಹೊಸ ಪಾತ್ರೆಗಳನ್ನು ಬಗೆಯರಿತು ಇಡುವದು ಹೇಗೆಂದು ಅವರಿಗೆ ಯಾರೂ ಕುಳಿತು ಕಲಿಸಲಿಲ್ಲ. ಆದಕಾರಣ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಉಪಯೋಗವಾಗಲೆಂದು ಈ ಪಾಠವನ್ನು ಬರೆಯುತ್ತೇವೆ.

ಮೊದಲು ಕಡತದ ಬಗೆ ಎಂದರೇನು ಎಂಬದನ್ನು ತಿಳಿಯತಕ್ಕದ್ದು. ಗಣಕಯಂತ್ರದ ಕಡತದ ಹೆಸರಿಗೆ ಸಾಮಾನ್ಯವಾಗಿ ಕೊನೆಯಲ್ಲಿ ಒಂದು ಚುಕ್ಕೆಯೂ, ಅದರ ಮುಂದೆ ಮೂರು ನಾಲ್ಕು ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಇದು ಆ ಕಡತದ ಬಾಲವೆಂದು ಹೇಳಬಹುದು. ಜೆ.ಪಿ.ಜಿ. ಎಂದಿದ್ದರೆ ಚಿತ್ರ, ಪಿ.ಡಿ.ಎಫ್. ಎಂದಿದ್ದರೆ ಅಚ್ಚಿಗೆ ಸಿದ್ಧವಾದ ಪತ್ರ, ಎಂ.ಪಿ.3 ಎಂದಿದ್ದರೆ ಧ್ವನಿ, ಎ.ಪಿ.ಕೆ. ಎಂದಿದ್ದರೆ ಮೊಬೈಲಿನಲ್ಲಿ ಸ್ಥಾಪಿಸತಕ್ಕ ಕಾರ್ಯಕ್ರಮ. ಯಂತ್ರವು ಈ ಬಾಲವನ್ನು ನೋಡಿಯೇ ಯಾವ ಕಡತವನ್ನು ಯಾವ ಸಾಧನದಿಂದ ತೆರೆಯಬೇಕೆಂಬದನ್ನು ನಿಶ್ಚಯಿಸುತ್ತದೆ. ಆದಾಗ್ಯೂ ಬಾಲವೇ ದೇಹವಲ್ಲ. ಚಿತ್ರದ ಕಡತಕ್ಕೆ ಪಿ.ಡಿ.ಎಫ್. ಎಂಬ ಬಾಲವನ್ನು ಅಂಟಿಸಿದ ಮಾತ್ರಕ್ಕೆ ಅದು ಪತ್ರವಾಗುವದಿಲ್ಲ. ಹಾಗಲಕಾಯಿಯ ಬುಟ್ಟಿಗೆ ಮಾವಿನಹಣ್ಣೆಂದು ಚೀಟಿ ಕಟ್ಟಿದ ಹಾಗೆ ಆಗುತ್ತದೆ. ನಿಜವಾದ ಪಿ.ಡಿ.ಎಫ್. ಕಡತದ ಒಳಗಡೆ ಮೊಟ್ಟಮೊದಲ ಸಾಲಿನಲ್ಲಿಯೇ ಶೇಕಡಾ ಚಿಹ್ನೆಯ ಜೊತೆಗೆ ಆ ಮೂರು ಅಕ್ಷರಗಳು ಬರೆದಿರುತ್ತವೆ. ಅರ್ಜಿಯನ್ನು ತೆಗೆದುಕೊಳ್ಳುವ ಜಾಲತಾಣಗಳು ಒಳಗಣದನ್ನು ಪರೀಕ್ಷಿಸಿ, ಬರೀ ಹೆಸರು ಬದಲಾಯಿಸಿದ ಕಡತವನ್ನು ಹಿಂದಕ್ಕೆ ತಳ್ಳುವದುಂಟು.

ವಿಂಡೋಸ್ ಎಂಬ ವ್ಯವಸ್ಥೆಯುಳ್ಳ ಗಣಕಯಂತ್ರಗಳಲ್ಲಿ ಈ ಬಾಲವು ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಮರೆಯಾಗಿರುತ್ತದೆ. ಇದು ನಮ್ಮ ಅಭಿಪ್ರಾಯದಲ್ಲಿ ಒಳ್ಳೆಯ ಏರ್ಪಾಡಲ್ಲ. ಕಡತಗಳ ಕಿಟಕಿಯನ್ನು ತೆರೆದು, ಮೇಲಿನ ಪಟ್ಟಿಯಲ್ಲಿ ‘ವ್ಯೂ’ ಎಂಬದನ್ನೂ, ಅದರೊಳಗೆ ‘ಶೋ’ ಎಂಬದನ್ನೂ ಒತ್ತಿ, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬದಕ್ಕೆ ಗುರುತು ಹಾಕಿದರೆ ಬಾಲಗಳೆಲ್ಲಾ ಪ್ರತ್ಯಕ್ಷವಾಗುತ್ತವೆ. ಈ ಪಾಠದಲ್ಲಿ ಒಂದೇ ಒಂದು ಕೆಲಸವನ್ನು ಈ ದಿನವೇ ಮಾಡುವದಾದರೆ ಇದನ್ನೇ ಮಾಡಿರಿ.

ಯಾತಕ್ಕೆಂದರೆ, ಬಗೆಯನ್ನು ಅರಿಯದೆ ಇದ್ದದರಿಂದ ಗಂಟು ಕಳೆದುಕೊಂಡವರು ಈಚೆಗೆ ಬಹಳ ಮಂದಿ. ಮದುವೆಯ ಕರೆಯೋಲೆ ಎಂಬ ಹೆಸರಿಟ್ಟು ಎ.ಪಿ.ಕೆ. ಕಡತವನ್ನು ವಾಟ್ಸಾಪಿನ ಮೂಲಕ ಕಳುಹಿಸುವ ವಂಚಕರ ವಿಷಯವಾಗಿ 2024ರಲ್ಲಿ ನಮ್ಮ ದೇಶದ ಹಲವು ಕಡೆಗಳ ಪೊಲೀಸರು ಜನರಿಗೆ ಎಚ್ಚರಿಕೆ ಕೊಟ್ಟರು. ಲಗ್ನಪತ್ರಿಕೆಯೆಂದು ನಂಬಿ ಅದನ್ನು ಒತ್ತಿ, ಮೊಬೈಲು ಕೇಳಿದ್ದಕ್ಕೆಲ್ಲಾ ಅನುಮತಿ ಕೊಟ್ಟರೆ, ಕಾರ್ಯಕ್ರಮವು ಒಳಗೆ ನೆಲೆಸಿ ಬ್ಯಾಂಕಿನಿಂದ ಬರುವ ಗುಪ್ತಸಂಖ್ಯೆಯನ್ನು ಓದಿಬಿಡುತ್ತದೆ. ಕರೆಯೋಲೆ ಚಿತ್ರವಾಗಿರಬಹುದು, ಪತ್ರವಾಗಿರಬಹುದು, ಚಲಿಸುವ ಚಿತ್ರವೂ ಆಗಿರಬಹುದು. ಕಾರ್ಯಕ್ರಮವಾಗಿರಲು ಕಾರಣವೇ ಇಲ್ಲ. ಅಷ್ಟನ್ನು ಬಲ್ಲ ಹುಡುಗಿಯೊಬ್ಬಳು ಮನೆಯಲ್ಲಿದ್ದರೆ ಅಜ್ಜಿಯ ಉಳಿತಾಯದ ಹಣವು ಉಳಿಯುತ್ತದೆ.

ಇನ್ನೊಂದು ಸಂಗತಿಯೂ ಇದೆ. ಈಗ ಸರಕಾರದ ಅನೇಕ ಪತ್ರಗಳು ಗಣಕೀಯ ಸಹಿಯುಳ್ಳ ಪಿ.ಡಿ.ಎಫ್. ಕಡತಗಳಾಗಿ ದೊರೆಯುತ್ತವೆ. ಆ ಸಹಿಯು ಕಡತದ ಒಳಗೆ ಅಡಗಿರುವದು. ಕಾಗದದ ಮೇಲೆ ಕಾಣುವದು ಅದರ ನೆರಳು ಮಾತ್ರ. ಅಂಥ ಪತ್ರವನ್ನು ಪರದೆಯ ಮೇಲೆ ತೆರೆದು ಅದರ ಛಾಯಾಚಿತ್ರವನ್ನು ತೆಗೆದಿಟ್ಟುಕೊಂಡರೆ ಅಕ್ಷರಗಳು ಉಳಿದಾವು. ಸಹಿಯನ್ನು ಕಡತದಿಂದ ತಾಳೆ ನೋಡುವ ಅನುಕೂಲವು ಹೋಗುತ್ತದೆ. ಆದ್ದರಿಂದ ಪಿ.ಡಿ.ಎಫ್. ಆಗಿ ಬಂದದ್ದನ್ನು ಪಿ.ಡಿ.ಎಫ್. ಆಗಿಯೇ ಇಡತಕ್ಕದ್ದು. ಹಾಗೆಯೇ ಅಂಕಪಟ್ಟಿಯ ಚಿತ್ರವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗಿ ಅಕ್ಷರಗಳು ಮಸುಕಾಗುತ್ತವೆ. ‘ಡಾಕ್ಯುಮೆಂಟ್’ ಎಂಬ ದಾರಿಯಿಂದ ಕಳುಹಿಸಿದರೆ ಇದ್ದ ಹಾಗೆಯೇ ತಲಪುತ್ತದೆ.

ಈಗ ಗುಂಪುಗೂಡಿಸುವ ಕೆಲಸಕ್ಕೆ ಬರೋಣ. ಕಡತಗಳು ತುಂಬಿದ ಫೋಲ್ಡರನ್ನು ತೆರೆದು, ಬರಿದಾದ ಸ್ಥಳದಲ್ಲಿ ಇಲಿಯ ಬಲಗುಂಡಿಯನ್ನು ಒತ್ತಿ, ‘ಗ್ರೂಪ್ ಬೈ’ ಎಂಬದರಲ್ಲಿ ‘ಟೈಪ್’ ಎಂಬದನ್ನು ಆರಿಸಿದರೆ, ಕ್ಷಣಮಾತ್ರದಲ್ಲಿ ಪತ್ರಗಳು ಒಂದು ತಲೆಬರಹದ ಕೆಳಗೂ ಚಿತ್ರಗಳು ಇನ್ನೊಂದರ ಕೆಳಗೂ ಸಾಲುಗೂಡುತ್ತವೆ. ಕಡತಗಳು ತಮ್ಮ ಸ್ಥಳವನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲವೆಂಬದನ್ನು ನೆನಪಿನಲ್ಲಿಡಿರಿ. ಪ್ರಾರ್ಥನಾಸಭೆಯಲ್ಲಿ ಮಕ್ಕಳನ್ನು ತರಗತಿವಾರು ನಿಲ್ಲಿಸಿದ ಹಾಗೆ ಕೇವಲ ನೋಟವು ಬದಲಾಯಿತು. ಹೆದರಬೇಕಾದದ್ದಿಲ್ಲ. ಆದರೆ ಇಲ್ಲಿ ಒಂದು ತೊಡಕುಂಟು. ಯಂತ್ರದ ದೃಷ್ಟಿಯಲ್ಲಿ ಜೆ.ಪಿ.ಜಿ. ಒಂದು ಬಗೆ, ಪಿ.ಎನ್.ಜಿ. ಇನ್ನೊಂದು ಬಗೆ, ನಮಗೋ ಎರಡೂ ಚಿತ್ರಗಳೇ. ಈ ಸಂಗಡಿಗರನ್ನು ಒಂದೇ ಗುಂಪಿಗೆ ತರಬೇಕಾದರೆ ‘ಗ್ರೂಪ್ ಬೈ’ ಕೆಳಗಿರುವ ‘ಮೋರ್’ ಎಂಬದನ್ನು ಒತ್ತಿ, ಅಲ್ಲಿಯ ಉದ್ದವಾದ ಪಟ್ಟಿಯಲ್ಲಿ ‘ಕೈಂಡ್’ ಎಂಬದನ್ನು ಆರಿಸಿಕೊಳ್ಳತಕ್ಕದ್ದು. ಆಗ ಎಲ್ಲಾ ತರದ ಚಿತ್ರಗಳು ಒಂದಾಗಿಯೂ, ಎಲ್ಲಾ ತರದ ಹಾಡುಗಳು ಒಂದಾಗಿಯೂ ಕಾಣುತ್ತವೆ. ಮೊಬೈಲಿನಲ್ಲಿ ಗೂಗಲ್ ಸಂಸ್ಥೆಯ ‘ಫೈಲ್ಸ್’ ಎಂಬ ಸಾಧನವು ಇದೇ ಕೆಲಸವನ್ನು ಕೇಳದೆಯೇ ಮಾಡಿಕೊಡುತ್ತದೆ.

ಇಷ್ಟರಿಂದ ಮನೆಯು ಅಚ್ಚುಕಟ್ಟಾಯಿತೆಂದು ತಿಳಿಯಬೇಡಿರಿ. ಯಂತ್ರಕ್ಕೆ ಚಿತ್ರವೆಂದರೆ ಚಿತ್ರ. ಮದುವೆಯ ಆರತಿಯ ಚಿತ್ರಕ್ಕೂ, ತಂದೆಯವರ ಕ್ರಯಪತ್ರವನ್ನು ಮೊಬೈಲಿನಲ್ಲಿ ಹಿಡಿದ ಚಿತ್ರಕ್ಕೂ ಅದು ಭೇದವನ್ನು ಕಾಣದು. ಆ ಭೇದವನ್ನು ಮಾಡಬೇಕಾದವರು ನಾವು. ಇದಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ತಾಲ್ಲೂಕು ಕಚೇರಿಗಳಲ್ಲಿಯೂ ರಿಕಾರ್ಡು ಕೋಣೆಗಳುಂಟು. ನಮ್ಮ ರಾಜ್ಯದ ಕಚೇರಿಗಳ ಪದ್ಧತಿಯಲ್ಲಿ ಮುಗಿದ ಕಡತಗಳನ್ನು ವಿಷಯವಾರು ಅಲ್ಲದೆ, ಎಷ್ಟು ಕಾಲ ಕಾಯ್ದಿಡಬೇಕೆಂಬದರ ಮೇಲೆಯೂ ವಿಂಗಡಿಸುತ್ತಾರೆ. ‘ಎ’ ವರ್ಗದ್ದು ಶಾಶ್ವತ, ‘ಬಿ’ ವರ್ಗದ್ದು 30 ವರುಷ, ‘ಸಿ’ ವರ್ಗದ್ದು 10 ವರುಷ, ‘ಡಿ’ ವರ್ಗದ್ದು 5 ವರುಷ, ‘ಇ’ ವರ್ಗದ್ದು ಒಂದೇ ವರುಷ. ಎಷ್ಟು ವಿವೇಕವುಳ್ಳ ಏರ್ಪಾಡು! ಕಾಗದವು ಯಾವ ಆಕಾರದ್ದೆಂದು ಕೇಳದೆ, ಅದು ಇನ್ನೆಷ್ಟು ದಿನ ಮಾತಾಡಬೇಕೆಂದು ಕೇಳುತ್ತದೆ.

ಮನೆಗೆ ಐದು ವರ್ಗಗಳು ಬೇಡ, ಮೂರು ಸಾಕು. ಒಂದು ಫೋಲ್ಡರಿಗೆ ‘ಶಾಶ್ವತ’ ಎಂದು ಹೆಸರಿಡಿರಿ. ಜನನಪತ್ರ, ಅಂಕಪಟ್ಟಿ, ಕ್ರಯಪತ್ರ, ವಿಭಾಗಪತ್ರ, ಮರಣಪತ್ರ ಇವು ಅದರೊಳಗೆ ಹೋಗಲಿ. ಎರಡನೆಯದು ‘ಕೆಲವು ವರುಷ’. ಗೂಡಿನ ಬಿಲ್ಲುಗಳು, ಶಾಲೆಯ ಶುಲ್ಕದ ರಸೀದಿಗಳು, ವಿಮೆಯ ಕಾಗದಗಳು, ಆಸ್ಪತ್ರೆಯ ವರದಿಗಳು. ಮೂರನೆಯದು ‘ಈ ವರುಷ’. ಮಿಕ್ಕ ಹಾಡು ಹರಟೆಗಳೆಲ್ಲಾ ಡೌನ್‌ಲೋಡ್ಸ್ ಚೀಲದಲ್ಲಿಯೇ ಇದ್ದುಕೊಂಡು ಆಗಾಗ್ಗೆ ಗುಡಿಸಲ್ಪಡಲಿ. ಶಾಶ್ವತವೆಂಬ ಫೋಲ್ಡರಿನೊಳಗೆ ವ್ಯಕ್ತಿಗೊಂದು, ಜಮೀನಿಗೊಂದು ಒಳಫೋಲ್ಡರನ್ನು ಮಾಡಿರಿ. ಅದಕ್ಕಿಂತ ಆಳಕ್ಕೆ ಇಳಿಯಬಾರದು. ಡಬ್ಬದೊಳಗೆ ಡಬ್ಬ, ಅದರೊಳಗೆ ಡಬ್ಬ ಇಟ್ಟವರು ಕಡೆಗೆ ಸಾಸಿವೆಯನ್ನು ಅಂಗಡಿಯಿಂದಲೇ ತರಿಸುತ್ತಾರೆ.

ಜಮೀನಿನ ಫೋಲ್ಡರಿಗೆ ಹೆಸರಿಡುವ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಪ್ರತ್ಯೇಕವಾದ ಎಚ್ಚರಿಕೆ ಬೇಕು. ಮಾಗಡಿಯ ಒಂದೇ ಹೊಲದ ಕಾಗದಗಳನ್ನು ಕಾಲಾನುಕ್ರಮವಾಗಿ ತೆಗೆದು ನೋಡಿದರೆ, ಹಳೆಯವುಗಳಲ್ಲಿ ಬೆಂಗಳೂರು ಜಿಲ್ಲೆ, 1986ರ ಅನಂತರ ಬೆಂಗಳೂರು ಗ್ರಾಮಾಂತರ ಜಿಲ್ಲೆ, 2007ರ ಅನಂತರ ರಾಮನಗರ ಜಿಲ್ಲೆ, 2025ರಲ್ಲಿ ಹೆಸರು ಬದಲಾದ ಮೇಲೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಇರುತ್ತದೆ. ಹೊಲ ಮಾತ್ರ ಇದ್ದಲ್ಲಿಂದ ಒಂದು ಗೇಣೂ ಕದಲಲಿಲ್ಲ! ಮುತ್ತಾತನ ಕಾಲದ ಪತ್ರಗಳಲ್ಲಿ ರಾಮನಗರವು ಕ್ಲೋಸ್‌ಪೇಟೆಯೆಂದೂ ಕನಕಪುರವು ಕಾನಕಾನಹಳ್ಳಿಯೆಂದೂ ಬರೆದಿರುವದುಂಟು. ಜಿಲ್ಲೆಯ ಹೆಸರಿನಿಂದ ಗುಂಪು ಮಾಡಿದರೆ ಒಂದೇ ಹೊಲದ ಕಾಗದಗಳು ನಾಲ್ಕು ಕಡೆಗೆ ಹಂಚಿಹೋಗುತ್ತವೆ. ಆದಕಾರಣ ಫೋಲ್ಡರಿನ ಹೆಸರು ಗ್ರಾಮದಿಂದಲೂ ಸರ್ವೆ ನಂಬರಿನಿಂದಲೂ ಆರಂಭವಾಗಲಿ. ಜಿಲ್ಲೆಯನ್ನು ಬರೆಯಲೇಬೇಕೆಂಬವರು ಕೊನೆಯಲ್ಲಿ ಬರೆದುಕೊಳ್ಳಲಿ.

ಕಡತದ ಹೆಸರಿನಲ್ಲಿ ತಾರೀಖನ್ನು ಬರೆಯುವಾಗ ವರುಷವನ್ನು ಮೊದಲು, ತಿಂಗಳನ್ನು ಆ ಮೇಲೆ, ದಿನವನ್ನು ಕಡೆಗೆ ಇಡತಕ್ಕದ್ದು. 2019-07-05 ಎಂಬ ಹಾಗೆ. ನಮ್ಮ ರೂಢಿಯಂತೆ ದಿನವನ್ನು ಮೊದಲು ಬರೆದರೆ ಯಂತ್ರವು ಎಲ್ಲಾ ವರುಷಗಳ ಐದನೆಯ ತಾರೀಖುಗಳನ್ನು ಒಂದೆಡೆ ಗುಡ್ಡೆಹಾಕುತ್ತದೆ. ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬಹುದು. 1991ರಲ್ಲಿ ಹೊರಟ ಯೂನಿಕೋಡ್ ಎಂಬ ಲಿಪಿಸಂಕೇತದಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದರಿಂದ ಇದು ಸಾಧ್ಯವಾಯಿತು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬರೆದ ಕಡತಗಳಿದ್ದರೆ ಅವುಗಳನ್ನು ಬೇರೊಂದು ಗುಂಪಾಗಿ ತೆಗೆದಿಡಿರಿ. ಬಾಲವನ್ನು ನೋಡಿದರೆ ಅವು ಇತರ ಪತ್ರಗಳಂತೆಯೇ ಇದ್ದರೂ, ಅನೇಕವು ಯೂನಿಕೋಡಿಗೆ ಸೇರದ ಹಳೆಯ ಸಂಕೇತದಲ್ಲಿರುವದರಿಂದ ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ, ಹುಡುಕಿದರೆ ಸಿಕ್ಕುವದಿಲ್ಲ. ಪರಿವರ್ತಕ ಸಾಧನಗಳಿಂದ ಅವುಗಳನ್ನು ಯೂನಿಕೋಡಿಗೆ ತಿರುಗಿಸಿದರೆ ಈ ಕುರುಡು ನೀಗುತ್ತದೆ.

ಇಷ್ಟೆಲ್ಲಾ ಶ್ರಮವು ಯಾರಿಗಾಗಿ ಎಂದು ಕೆಲವರು ಕೇಳಾರು. ಕಾಗದಗಳನ್ನು ನೋಡಿಕೊಳ್ಳುವದು ಗಂಡಸರ ಕೆಲಸವೆಂದು ಎಣಿಸುವ ಮನೆಗಳು ನಮ್ಮಲ್ಲಿ ಈಗಲೂ ಉಂಟು. ಕ್ರೈಸ್ತ ಕುಟುಂಬಗಳಲ್ಲಿ 1925ರ ಭಾರತೀಯ ಉತ್ತರಾಧಿಕಾರದ ಕಾನೂನು, ಉಯಿಲು ಬರೆಯದೆ ತೀರಿಹೋದವರ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಭಾಗವನ್ನು ಕೊಡುತ್ತದೆ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಕರ್ನಾಟಕವು 1994ರಲ್ಲಿ, ಆ ವರೆಗೆ ಮದುವೆಯಾಗದೆ ಇದ್ದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲನ್ನು ಕೊಟ್ಟಿತು. 2005ರ ತಿದ್ದುಪಡಿಯಿಂದ ದೇಶದಲ್ಲೆಲ್ಲಾ ಹೆಣ್ಣುಮಕ್ಕಳು ಗಂಡುಮಕ್ಕಳಂತೆಯೇ ಹಕ್ಕುದಾರರಾದರು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕು ಹುಟ್ಟಿನಿಂದ ಬಂದದ್ದೆಂದು ಸ್ಪಷ್ಟಪಡಿಸಿತು. ಆದರೆ ಹಕ್ಕನ್ನು ಕೇಳಲು ಹೋದವಳ ಕೈಯಲ್ಲಿ ಸರ್ವೆ ನಂಬರೂ ಇಲ್ಲ, ತಂದೆಯ ಮರಣಪತ್ರದ ಪ್ರತಿಯೂ ಇಲ್ಲವೆಂದಾದರೆ ಅವಳು ಮೊದಲ ಮೇಜಿನಿಂದಲೇ ಹಿಂದಿರುಗಬೇಕಾದೀತು. ವಿಧವೆಯಾದವಳು ಪಿಂಚಣಿಗೆ ಅರ್ಜಿ ಹಾಕುವಾಗಲೂ, ಮಗಳು ಶಿಷ್ಯವೇತನದ ಕಡೆಯ ದಿನದಂದು ಜಾಲತಾಣದ ಮುಂದೆ ಕುಳಿತಿರುವಾಗಲೂ ಇದೇ ಮಾತು.

ಪಹಣಿಯು ಹಿಂದೆ ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರ ಪುಸ್ತಕದಲ್ಲಿ ಮಾತ್ರ ಇತ್ತು. ‘ಭೂಮಿ’ ಎಂಬ ಯೋಜನೆಯಿಂದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಸೇರಿ, 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲವು ಮುಗಿಯಿತು. 2024ರಲ್ಲಿ ಕಂದಾಯ ಇಲಾಖೆಯು ‘ಭೂಸುರಕ್ಷಾ’ ಎಂಬ ಹೆಸರಿನಲ್ಲಿ ರಿಕಾರ್ಡು ಕೋಣೆಗಳ ಹಳೆಯ ಕಡತಗಳನ್ನು ಸಹ ಚಿತ್ರೀಕರಿಸತೊಡಗಿತು. ಹೀಗೆ ಸರಕಾರವು ತನ್ನ ಪ್ರತಿಯನ್ನು ಕಾಪಾಡಿಕೊಳ್ಳುತ್ತಿರುವಾಗ ಮನೆಯವರು ತಮ್ಮ ಪ್ರತಿಯನ್ನು ಬಿಟ್ಟುಕೊಡಲಾಗದು.

ಕಡೆಯದಾಗಿ ಪ್ರತಿಗಳ ವಿಷಯ. ಶಾಶ್ವತವೆಂಬ ಫೋಲ್ಡರು ಒಂದೇ ಯಂತ್ರದಲ್ಲಿದ್ದರೆ ಆ ಯಂತ್ರವು ಕೆಟ್ಟ ದಿನ ಫೋಲ್ಡರೂ ಇಲ್ಲ. ಅದನ್ನು ಒಂದು ಪೆನ್ ಡ್ರೈವಿಗೆ ಇಳಿಸಿ, ಬೇರೆ ಊರಿನಲ್ಲಿರುವ ಅಕ್ಕನ ಅಥವಾ ತಂಗಿಯ ಮನೆಯಲ್ಲಿ ಇಡಿರಿ. ಅವರದನ್ನು ನಿಮ್ಮಲ್ಲಿ ಇಟ್ಟುಕೊಳ್ಳಿರಿ. ಆಧಾರ್ ಮುಂತಾದ ಗುರುತಿನ ಪತ್ರಗಳುಳ್ಳ ಫೋಲ್ಡರಿಗೆ ಗುಪ್ತಪದವನ್ನು ಹಾಕತಕ್ಕದ್ದು. ವರುಷಕ್ಕೊಮ್ಮೆ, ಮಕ್ಕಳಿಗೆ ಬೇಸಿಗೆಯ ರಜೆ ಬಂದಾಗ, ತಾಯಿ ಮಗಳು ಜೊತೆಯಾಗಿ ಕುಳಿತು ಪೆನ್ ಡ್ರೈವನ್ನು ತೆರೆದು, ಕಡತಗಳು ತೆರೆಯುತ್ತವೆಯೋ ಇಲ್ಲವೋ ಎಂದು ಪರೀಕ್ಷಿಸಿ, ಆ ವರುಷದ ಹೊಸ ಅಂಕಪಟ್ಟಿಯನ್ನು ಅದರೊಳಗೆ ಸೇರಿಸಿರಿ.