ಪಾನಾ ಎಷ್ಟು ತಿರುಗಬೇಕು?

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯು ಸುಮಾರು 52 ಮೀಟರು ಎತ್ತರದಿಂದ ಧುಮುಕುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಬೀಳುವ ಆ ನೀರಿನಿಂದ ಚಕ್ರಗಳನ್ನು ತಿರುಗಿಸಿ 1887ರಷ್ಟು ಹಿಂದೆಯೇ ಅಲ್ಲಿ ನೂಲಿನ ಗಿರಣಿಯನ್ನು ನಡೆಸಿದರು. ತಿರುಗಿಸುವ ಬಲದ ಮಹತ್ತ್ವವನ್ನು ನಾವು ಮಾತ್ರ ಜಲಪಾತವನ್ನು ನೋಡಿ ಕಲಿಯಲಿಲ್ಲ. ಅದರ ದಾರಿಯಲ್ಲಿ ನಿಂತ ನಮ್ಮ ಹಳೆಯ ಮೋಟಾರು ಸೈಕಲ್ಲಿನ ಸ್ಪಾರ್ಕ್ ಪ್ಲಗ್ಗನ್ನು ಬದಲಿಸಹೋಗಿ, ಕೆಡಿಸಿ ಕಲಿತೆವು.

ಎಂಜಿನ್ ಇನ್ನೂ ಸುಡುತ್ತಿತ್ತು. ಹೊಸ ಪ್ಲಗ್ಗನ್ನು ತುಸು ಓರೆಯಾಗಿಯೇ ತೂತಿಗಿಟ್ಟು ಪಾನಾ ಹಾಕಿದೆವು. ಬಿಗಿಯಾಗಿ ತಿರುಗಿತು; ಇನ್ನಷ್ಟು ಒತ್ತಿದೆವು; ಥಟ್ಟನೆ ಸಡಿಲಾಯಿತು. ಹೆಡ್ಡಿನ ಥ್ರೆಡ್ ಹರಿದಿತ್ತು. ಗಾಡಿಯನ್ನು ತಳ್ಳಿಕೊಂಡು ಹೋದಾಗ ಗ್ಯಾರೇಜಿನ ಹಿರಿಯ ಮೇಸ್ತ್ರಿಯು, "ಮೊದಲ ಕೈಲೆ ತಿರುವಬೇಕ್ರಿ ಸರ, ಪಾನಾ ಆಮ್ಯಾಲೆ" ಎಂದಷ್ಟೇ ನುಡಿದನು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ.

ಪ್ಲಗ್ಗಿನ ಥ್ರೆಡ್ ಉಕ್ಕಿನದು, ಹೆಡ್ಡಿನದು ಮೆತುವಾದ ಅಲ್ಯೂಮಿನಿಯಮಿನದು. ಓರೆಯಾಗಿ ನುಗ್ಗಿದ ಉಕ್ಕು ಅಲ್ಯೂಮಿನಿಯಮನ್ನು ಕೊರೆಯುವುದೇ ಹೊರತು ತಾನು ಸವೆಯದು. ಬೆರಳುಗಳಿಗಾದರೋ ಹಾಗೆ ಕೊರೆಯುವಷ್ಟು ಬಲವಿಲ್ಲ. ಆದುದರಿಂದ, ಕೈಯಿಂದ ಹಲವು ಸುತ್ತು ಸಲೀಸಾಗಿ ಇಳಿದ ಪ್ಲಗ್ಗು ನೆಟ್ಟಗಿದೆಯೆಂದೇ ಅರ್ಥ. ಎಂಜಿನ್ ತಣಿದ ಮೇಲೆಯೇ ಈ ಕೆಲಸಕ್ಕೆ ಕೈಹಚ್ಚಬೇಕು. ಬಿಸಿಯಾದ ಅಲ್ಯೂಮಿನಿಯಮಿನ ಥ್ರೆಡ್ ಸುಲಭವಾಗಿ ಕಿತ್ತುಬರುತ್ತದೆ.

ಇನ್ನು ಬಿಗಿಯ ಲೆಕ್ಕ. ಬಲವನ್ನು ಅದರ ತೋಳಿನ ಉದ್ದದಿಂದ ಗುಣಿಸಿದರೆ ಬರುವುದೇ ಟಾರ್ಕ್. 14 ಮಿ.ಮೀ. ವ್ಯಾಸದ ಪ್ಲಗ್ಗಿಗೆ ಸಾಮಾನ್ಯವಾಗಿ 25 ನ್ಯೂಟನ್-ಮೀಟರಿನಷ್ಟು ಟಾರ್ಕ್ ಸಾಕು. ಎಂದರೆ 25 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ ಸುಮಾರು 10 ಕಿಲೋಗ್ರಾಮಿನ ಭಾರ. ಈ ಟಾರ್ಕ್ ಒಂದು ಸುತ್ತಿನಲ್ಲಿ ಸುಮಾರು 157 ಜೂಲ್ ಕೆಲಸ ಮಾಡುತ್ತದೆ. ಥ್ರೆಡ್ ಒಂದು ಸುತ್ತಿಗೆ 1.25 ಮಿ.ಮೀ. ಮಾತ್ರ ಮುಂದೆ ಸಾಗುವುದರಿಂದ, ಘರ್ಷಣೆಯೇ ಇಲ್ಲದಿದ್ದರೆ ಪ್ಲಗ್ಗು ಸುಮಾರು 12.8 ಟನ್ ಭಾರದಷ್ಟು ಬಲದಿಂದ ಹೆಡ್ಡಿಗೆ ಒತ್ತಿಕೊಳ್ಳಬೇಕು! ನಿಜವಾಗಿ ದೊರೆಯುವುದು ಸುಮಾರು 0.9 ಟನ್ನಿನಷ್ಟು. ನಮ್ಮ ದುಡಿಮೆಯ ಹತ್ತರಲ್ಲಿ ಒಂಬತ್ತು ಪಾಲನ್ನು ಘರ್ಷಣೆಯೇ ನುಂಗುತ್ತದೆ.

ಇದರಿಂದ ಒಂದು ವಿಚಿತ್ರವು ಹುಟ್ಟುತ್ತದೆ. ಒಳ್ಳೆಯದಾಗಲೆಂದು ಥ್ರೆಡ್ಡಿಗೆ ಎಣ್ಣೆ ಸವರಿದರೆ ಘರ್ಷಣೆ ತಗ್ಗಿ, ಅದೇ ಟಾರ್ಕಿಗೆ ಬಿಗಿತ ಬಹಳ ಹೆಚ್ಚುತ್ತದೆ. ಕೈಗೆ ಮೊದಲಿನಂತೆಯೇ ತೋರುತ್ತದೆ, ಥ್ರೆಡ್ ಮಾತ್ರ ಸಾಯುತ್ತದೆ. ಕೈಪಿಡಿಯಲ್ಲಿ ಒಣ ಥ್ರೆಡ್ಡಿನ ಅಂಕಿ ಇದ್ದರೆ ಒಣಗಿಸಿಯೇ ಬಿಗಿಯಬೇಕು. ಟಾರ್ಕ್ ಅಳೆಯುವ ಪಾನಾ ಇಲ್ಲದವರು ಕೋನವನ್ನು ನಂಬಬಹುದು: ವಾಷರುಳ್ಳ ಹೊಸ ಪ್ಲಗ್ಗಿಗೆ ಕೈಬಿಗಿಯ ಮೇಲೆ ಅರ್ಧ ಸುತ್ತು, ವಾಷರಿಲ್ಲದೆ ಶಂಕುವಿನಂತೆ ಕೂರುವ ಪ್ಲಗ್ಗಿಗೆ ಸುತ್ತಿನ ಹದಿನಾರನೆಯ ಒಂದು ಪಾಲು. ತೀರ ಸಡಿಲವಾಗಿ ಬಿಡುವುದೂ ತರವಲ್ಲ. ಪ್ಲಗ್ಗಿನ ಕಾವು ಹೆಡ್ಡಿಗೆ ಹರಿಯುವುದು ಈ ಒತ್ತಿಕೆಯ ಮೂಲಕವೇ. ಅದು ತಪ್ಪಿದರೆ ಪ್ಲಗ್ಗಿನ ತುದಿ ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಪೆಟ್ರೋಲ್ ಹತ್ತಿಕೊಳ್ಳಬಹುದು.

ಹೆಡ್ಡನ್ನು ಹಿಡಿದಿರುವ ಬೋಲ್ಟುಗಳದು ಬೇರೆ ಕಥೆ. ಬಿಗಿದ ಬೋಲ್ಟು ಅತಿ ಗಡುಸಾದ ಒಂದು ಸ್ಪ್ರಿಂಗು; ಹೂಕನ ನಿಯಮದಂತೆ ಕೂದಲೆಳೆಯಷ್ಟು ಹಿಗ್ಗಿ, ಹಿಂದಕ್ಕೆ ಕುಗ್ಗುವ ಹಟದಿಂದಲೇ ಹೆಡ್ಡನ್ನು ಅದುಮಿ ಹಿಡಿಯುತ್ತದೆ. ಒಂದನ್ನೇ ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ, ಎರಡನೆಯದು ಗ್ಯಾಸ್ಕೆಟ್ಟನ್ನು ಅದುಮಿದಾಗ ಮೊದಲನೆಯದರ ಹಿಗ್ಗು ಕಳೆದುಹೋಗುತ್ತದೆ. ಹೆಡ್ಡು ಸೊಟ್ಟಗಾಗುವುದೂ ಉಂಟು. ಆದ್ದರಿಂದ ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಆವರ್ತಿಗಳಲ್ಲಿ ಬಿಗಿಯುತ್ತಾರೆ.

ನಮ್ಮ ಹರಿದ ತೂತನ್ನು ಮೇಸ್ತ್ರಿಯು ಅಗಲವಾಗಿ ಕೊರೆದು, ಹೊಸ ಥ್ರೆಡ್ ಹಾಕಿ, ಅದರೊಳಗೆ ಉಕ್ಕಿನ ತಂತಿಯ ಸುರುಳಿಯೊಂದನ್ನು ಕೂರಿಸಿದನು. ಬಳಿಕ ಪ್ಲಗ್ಗನ್ನು ನಮ್ಮ ಕೈಗೇ ಕೊಟ್ಟು, ಪಾನಾವನ್ನು ತನ್ನ ಬಳಿಯೇ ಇಟ್ಟುಕೊಂಡನು.