ಕೆಟ್ಟು ನಿಂತ ಮೋಟಾರು ಸೈಕಲ್ಲನ್ನು ಎಳೆದೊಯ್ಯುವ ಬಗೆ

ಕನ್ನಡ ಪಂಡಿತನಾದವನು ಛಂದಸ್ಸನ್ನೋ ವ್ಯಾಕರಣವನ್ನೋ ಕುರಿತು ಬರೆಯುವುದು ಇಂತಹ ಸಂಚಿಕೆಗಳ ವಾಡಿಕೆ. ಮೋಟಾರು ಸೈಕಲ್ಲನ್ನು ವಿಷಯವಾಗಿ ಎತ್ತಿಕೊಂಡುದನ್ನು ಕಂಡು ವಿಜ್ಞಾನದ ಉಪಾಧ್ಯಾಯ ಮಿತ್ರರು ನಕ್ಕಾರು. ಆದರೂ ವಾಚಕರು ಒಮ್ಮೆ ಆಲೋಚಿಸಿ ನೋಡಬೇಕು. ನಮ್ಮ ಉಪಾಧ್ಯಾಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ದ್ವಿಚಕ್ರ ವಾಹನವಿಲ್ಲದವರು ವಿರಳ. ಅದು ನಡುದಾರಿಯಲ್ಲಿ ಕೆಟ್ಟು ನಿಲ್ಲದೆ ಇರುವುದೂ ವಿರಳ. ಹೊತ್ತು ಮುಳುಗಿದ ಮೇಲೆ, ಊರು ನಾಲ್ಕು ಮೈಲಿ ದೂರವಿರುವಾಗ, ಪರಿಚಿತನೊಬ್ಬನು ಹಿಂದಿನಿಂದ ಬಂದು ತನ್ನ ಗಾಡಿಯಿಂದ ಹಗ್ಗವೊಂದನ್ನು ತೆಗೆಯುತ್ತಾನೆ. ಅಲ್ಲಿಂದ ಮುಂದೆ ಮಾಡಬೇಕಾದುದನ್ನು ಯಾರೂ ಯಾರಿಗೂ ಕಲಿಸಿರುವುದಿಲ್ಲ. ತರಗತಿಯಲ್ಲಿ ಬಲ, ಚಲನೆ, ಘರ್ಷಣೆಗಳ ಪಾಠವು ವರ್ಷವರ್ಷವೂ ನಡೆಯುತ್ತದೆ. ಆ ಪಾಠಕ್ಕೂ ಈ ಹಗ್ಗಕ್ಕೂ ಇರುವ ನಂಟನ್ನು ಮಾತ್ರ ನಾವು ಹೇಳುವುದಿಲ್ಲ.

ಮಾತಿನಿಂದಲೇ ಆರಂಭಿಸುವೆನು, ಅದು ನನ್ನ ಕಸುಬು. ಎಳೆ, ಸೆಳೆ, ಜಗ್ಗು ಎಂಬ ಮೂರು ಧಾತುಗಳು ನಮ್ಮಲ್ಲುಂಟು. ಹಳಗನ್ನಡದಲ್ಲಿ ಮೊದಲನೆಯದು ರಳದಿಂದ ಕೂಡಿದ 'ಎೞೆ'. ಎಳೆಯ ಕರುವಿನ 'ಎಳೆ'ಯಲ್ಲಿರುವುದು ಬೇರೆ ಳಕಾರ. ರಳವು ಬಳಕೆ ತಪ್ಪಿದ ಮೇಲೆ ಇವೆರಡರ ಬರೆವಣಿಗೆ ಒಂದೇ ಆಯಿತು. ಎಳೆಯುವುದೆಂದರೆ ಒಂದೇ ಸಮನಾದ ಬಲದಿಂದ ತನ್ನ ಹಿಂದೆ ತರುವುದು. ಗಾಡಿಯನ್ನು ಎತ್ತು ಎಳೆಯುತ್ತದೆ. ಹೊಳೆಯ ಸುಳಿಯು ಸೆಳೆಯುತ್ತದೆ; ಅಲ್ಲಿ ಸೆಳೆಸಿಕೊಂಡವನ ಇಚ್ಛೆಗೆ ಎಡೆಯಿಲ್ಲ. ಜಗ್ಗುವುದೆಂದರೆ ತಡೆದು ತಡೆದು, ಹಿಸಿದು ಎಳೆಯುವುದು. ಉತ್ತರದ ಜಿಲ್ಲೆಗಳಲ್ಲಿ ಎಲ್ಲ ಬಗೆಯ ಎಳೆತಕ್ಕೂ ಜಗ್ಗುವುದೆಂದೇ ಹೇಳುವರು. ಆ ಬಂಧುಗಳು ಈ ಲೇಖನದ ಮಟ್ಟಿಗೆ ನನ್ನ ವಿಂಗಡಣೆಯನ್ನು ಒಪ್ಪಿಕೊಳ್ಳಬೇಕು. ಏಕೆಂದರೆ ಎಳೆತಕ್ಕೂ ಜಗ್ಗಾಟಕ್ಕೂ ಇರುವ ಅಂತರವು ಇಲ್ಲಿ ಅರ್ಥಭೇದ ಮಾತ್ರವಲ್ಲ, ಅಂಕೆಗಳಲ್ಲಿ ತೋರಿಸಬಹುದಾದ ಭೇದ.

ವಾಹನದ ತೂಕ 140 ಕಿಲೋಗ್ರಾಂ, ಸವಾರನದು 70, ಒಟ್ಟು 210 ಎಂದಿಟ್ಟುಕೊಳ್ಳೋಣ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ, ಗಾಳಿ ತುಂಬಿದ ಚಕ್ರಗಳ ಮೇಲೆ ಇದನ್ನು ಮೆಲ್ಲನೆ ಎಳೆದೊಯ್ಯಲು ಬೇಕಾದ ಬಲವು ತೂಕದ ನೂರಕ್ಕೆ ಎರಡು ಪಾಲಿನಷ್ಟು, ಎಂದರೆ ಸುಮಾರು 4 ಕಿಲೋಗ್ರಾಂ. ಒಂದು ಸಣ್ಣ ಕೊಡ ನೀರಿನ ಭಾರವೂ ಅಲ್ಲ! ಇಪ್ಪತ್ತಕ್ಕೆ ಒಂದರಂತೆ ಏರುವ ದಿಣ್ಣೆಯಲ್ಲಿ ಇದಕ್ಕೆ ಇನ್ನೂ ಹತ್ತೂವರೆ ಕೂಡಿ 15ರ ಸಮೀಪಕ್ಕೆ ಬರುತ್ತದೆ. ಇದು ಎಳೆತ. ಇನ್ನು ಜಗ್ಗಾಟವನ್ನು ನೋಡಿ. ಮುಂದೆ ಜೀಪು, ಹಗ್ಗ ಸಡಿಲಾಗಿ ನೆಲದ ಮೇಲೆ ಬಿದ್ದಿದೆ. ಜೀಪು ಹೊರಟು, ಹಗ್ಗವು ಬಿಗಿಯಾಗುವ ಹೊತ್ತಿಗೆ ಗಂಟೆಗೆ 5 ಕಿಲೋಮೀಟರು ವೇಗವನ್ನು ಪಡೆದಿದೆ. ಇದು ಮನುಷ್ಯನು ನಡೆಯುವ ವೇಗ. ಹಗ್ಗವು 10 ಸೆಂಟಿಮೀಟರು ಹಿಗ್ಗುವಷ್ಟರಲ್ಲಿ ಹಿಂದೆ ನಿಂತಿದ್ದ ವಾಹನವೂ ಆ ವೇಗವನ್ನು ಪಡೆಯಬೇಕು. ಲೆಕ್ಕ ಹಾಕಿದರೆ ಆ ಕ್ಷಣದಲ್ಲಿ ಹಗ್ಗದ ಮೇಲೆ ಬೀಳುವ ಸರಾಸರಿ ಬಲವು 200 ಕಿಲೋಗ್ರಾಮನ್ನು ಮೀರುತ್ತದೆ. ನಾಲ್ಕೆಲ್ಲಿ, ಇನ್ನೂರೆಲ್ಲಿ! ಒಂಬತ್ತನೆಯ ತರಗತಿಯ ಮಕ್ಕಳಿಗೆ ಚಲನ ಶಕ್ತಿಯ ಪಾಠವಾದ ಮೇಲೆ ಈ ಲೆಕ್ಕವನ್ನು ಕೊಡಬಹುದು. ಹಿಗ್ಗದ ಸರಪಳಿಯನ್ನೂ ತಂತಿಯ ಹಗ್ಗವನ್ನೂ ಬಳಸಬಾರದೆಂಬುದು ಅದರಿಂದಲೇ ಅವರಿಗೆ ತಿಳಿಯುತ್ತದೆ. ನೈಲಾನು ಹಿಗ್ಗುತ್ತದೆ, ಮೃದುವಾಗಿ ಎಳೆಯುತ್ತದೆ. ಆದರೆ ಹರಿದರೆ ಚಾವಟಿಯಂತೆ ಹಿಂದಕ್ಕೆ ಬಡಿಯುತ್ತದೆ.

ಕಾರನ್ನಾಗಲಿ ಲಾರಿಯನ್ನಾಗಲಿ ಎಳೆಯುವಾಗ ಅದು ತನ್ನ ನಾಲ್ಕು ಕಾಲುಗಳ ಮೇಲೆ ನಿಂತಿರುತ್ತದೆ. ಮೋಟಾರು ಸೈಕಲ್ಲು ನಿಂತಿರುವುದಿಲ್ಲ. ಅದು ಬೀಳುತ್ತಲೇ ಇರುತ್ತದೆ, ಬೀಳುವ ಕಡೆಗೆ ಮುಂಚಕ್ರ ಹೊರಳಿದಂತೆ ಮತ್ತೆ ಏಳುತ್ತಲೇ ಇರುತ್ತದೆ. ತಿರುಗುವ ಚಕ್ರವು ಬುಗುರಿಯಂತೆ ವರ್ತಿಸುವುದರಿಂದಲೇ ಸೈಕಲ್ಲು ಬೀಳುವುದಿಲ್ಲವೆಂದು ನಾವು ಪಾಠ ಹೇಳುತ್ತಾ ಬಂದೆವು. 2011ರಲ್ಲಿ ಹಾಲೆಂಡ್ ಮತ್ತು ಅಮೆರಿಕದ ವಿದ್ವಾಂಸರು ಆ ಗುಣವನ್ನು ಅಡಗಿಸಿದ ಸೈಕಲ್ಲೊಂದನ್ನು ರಚಿಸಿ, ಅದೂ ಸವಾರನಿಲ್ಲದೆ ತಾನೇ ನೆಟ್ಟಗೆ ಓಡುವುದನ್ನು ತೋರಿಸಿಕೊಟ್ಟರು. ಬುಗುರಿಯ ಗುಣವು ಸಹಾಯಕವಾದರೂ ಅನಿವಾರ್ಯವಲ್ಲ. ಬೀಳುವ ಕಡೆಗೆ ಹಿಡಿಯು ತಿರುಗಬೇಕೆಂಬುದೇ ಮುಖ್ಯ. ಹಗ್ಗವು ಕೈಹಾಕುವುದು ಈ ಮರ್ಮಸ್ಥಾನಕ್ಕೇ. ಹಿಡಿಯ ಒಂದು ತುದಿಗೆ ಹಗ್ಗವನ್ನು ಬಿಗಿದರೆ, ಸವಾರನು ತಿರುಗಿಸಬೇಕಾದ ಹಿಡಿಯನ್ನು ಮುಂದಿನ ವಾಹನವು ತಿರುಗಿಸುತ್ತದೆ. ತಿರುವಿನಲ್ಲಂತೂ ಹಗ್ಗವು ಬಿಲ್ಲಿನ ಹೆದೆಯಂತೆ ಅಡ್ಡಹಾಯ್ದು, ಹಿಂದಿನ ವಾಹನದ ಮೂತಿಯನ್ನು ಒಳಬದಿಗೆ ಎಳೆಯುತ್ತದೆ. ಮೈಯನ್ನು ಮೊದಲು ಒಳಕ್ಕೆ ವಾಲಿಸದೆ ಚಕ್ರವನ್ನು ಮಾತ್ರ ಒಳಕ್ಕೆ ತಿರುಗಿಸಿದ ದ್ವಿಚಕ್ರ ವಾಹನವು ಹೊರಕ್ಕೆ ಬೀಳುತ್ತದೆ. ಆದುದರಿಂದ ಹಗ್ಗದ ಸ್ಥಾನವು ಹಿಡಿಯ ನಟ್ಟನಡುವೆ, ಮುಂಗವೆಯ ಕಂಬಕ್ಕೆ ಅಂಟಿದಂತೆ.

ಸ್ಥಾನದಷ್ಟೇ ಮುಖ್ಯವಾದುದು ಗಂಟು. ನನ್ನ ಬಳಿ ಓದಿದ ತರುಣನೊಬ್ಬನ ವಾಹನವು ಹೊಲದ ದಾರಿಯಲ್ಲಿ ಕೆಟ್ಟಿತು. ಟ್ರ್ಯಾಕ್ಟರಿನವನು ಉಪಕಾರಬುದ್ಧಿಯಿಂದಲೇ ಹಗ್ಗ ಕೊಟ್ಟನು. ಬಿಚ್ಚಿಹೋದೀತೆಂಬ ಭಯದಿಂದ ಎರಡು ತುದಿಗಳನ್ನೂ ಕಗ್ಗಂಟು ಹಾಕಿ ಬಿಗಿದರು. ದಾರಿಯ ಕೊರಕಲಿನಲ್ಲಿ ತರುಣನು ಬಿದ್ದನು. ಯಂತ್ರದ ಸದ್ದಿನಲ್ಲಿ ಕೂಗು ಕೇಳಿಸಲಿಲ್ಲ. ವಾಹನವೂ ಅದರಡಿಗೆ ಸಿಕ್ಕಿದ ಆತನೂ ನೂರು ಮಾರು ದೂರ ಉಜ್ಜಿಕೊಂಡು ಹೋದರು. ಈಗ ಆತನು ಪ್ರಾಥಮಿಕ ಶಾಲೆಯೊಂದರಲ್ಲಿ ಉಪಾಧ್ಯಾಯ. ಬಲಗೈ ಹೆಗಲಿನಿಂದ ಮೇಲಕ್ಕೆ ಏಳದು. ಕರಿಹಲಗೆಯ ಮೇಲೆ ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡಿದ್ದಾನೆ.

ಗಾಡಿಯೆತ್ತು ಮುಗ್ಗರಿಸಿ ಬಿದ್ದಾಗ ರೈತನು ಮೊದಲು ಕೈಹಾಕುವುದು ಅದರ ಕೊರಳ ಜೊತ್ತಿಗೆಗೆ. ನೊಗವನ್ನು ಮೂಕಿಗೆ ಬಿಗಿಯುವ ಮಿಣಿಯು ಗಟ್ಟಿಯಾಗಿರಬೇಕು, ಕೊರಳಿನದು ಒಡನೆ ಬಿಚ್ಚುವಂತಿರಬೇಕು. ಈ ವಿವೇಕವು ನಮ್ಮ ಒಕ್ಕಲುತನದಲ್ಲಿ ಎಂದಿನಿಂದಲೋ ಇದೆ. ಮೋಟಾರು ಸೈಕಲ್ಲಿಗೂ ಇದೇ ನ್ಯಾಯ. ಎಳೆಯುವ ವಾಹನದ ಕಡೆಯ ತುದಿಯನ್ನು ಭದ್ರವಾಗಿ ಕಟ್ಟಬೇಕು. ಎಳೆಸಿಕೊಳ್ಳುವವನ ಕಡೆಯ ತುದಿಯನ್ನು ಕಟ್ಟಲೇಬಾರದು, ಜಾರುಗಂಟೂ ಬೇಡ. ಹಿಡಿಯ ನಡುವೆ ಒಂದೇ ಒಂದು ಸುತ್ತು ಸುತ್ತಿ, ಉಳಿದ ತುದಿಯನ್ನು ಎಡಗೈಯ ಅಂಗೈಯಡಿಯಲ್ಲಿ ಹಿಡಿಗೆ ಒತ್ತಿಕೊಂಡಿರಬೇಕು. ಆ ತುದಿಯನ್ನು ಕೈಗೆ ಸುತ್ತಿಕೊಳ್ಳುವುದು ಕಗ್ಗಂಟಿಗಿಂತಲೂ ಕೇಡು.

ಒಂದೇ ಸುತ್ತು ಏಕೆ ಎಂದು ಕೇಳಬಹುದು. ತುಂಟ ಹೋರಿಯ ಹಗ್ಗವನ್ನು ಗೂಟಕ್ಕೆ ಸುತ್ತಿ ಬಾಲಕನೂ ಹಿಡಿದು ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಇದರ ಗಣಿತವು 18ನೆಯ ಶತಮಾನದ ಆಯ್ಲರ್ ಎಂಬ ಮಹಾಗಣಿತಜ್ಞನ ಹೆಸರಿನಲ್ಲಿದೆ. ಹಗ್ಗಕ್ಕೂ ಕಬ್ಬಿಣಕ್ಕೂ ನಡುವಣ ಘರ್ಷಣೆಯ ಗುಣಾಂಕವನ್ನು 0.3 ಎಂದಿಟ್ಟುಕೊಂಡರೆ, ಒಂದು ಸುತ್ತಿನಿಂದ ಕೈಯ ಬಲವು ಸುಮಾರು ಆರೂವರೆ ಪಟ್ಟಾಗುತ್ತದೆ. ಎರಡು ಸುತ್ತಿನಿಂದ ಹದಿಮೂರಲ್ಲ, ನಲವತ್ತಮೂರು ಪಟ್ಟು! ಸುತ್ತುಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಸಮತಟ್ಟಿನ 4 ಕಿಲೋಗ್ರಾಂ ಎಳೆತವನ್ನು ಒಂದು ಸುತ್ತಿನಲ್ಲಿ ತಡೆಯಲು ಅಂಗೈಗೆ ಬೀಳುವುದು ಅರ್ಧ ಕಿಲೋಗ್ರಾಮಿಗಿಂತ ತುಸು ಹೆಚ್ಚು. ದಿಣ್ಣೆಯ 15ಕ್ಕೆ ಎರಡೂಕಾಲರಷ್ಟು. ದಣಿವಿಲ್ಲದೆ ಹಿಡಿಯಬಹುದು. ಅದೇ 200ರ ಜಗ್ಗು ಬಂದಾಗ ಅಂಗೈಯು 30 ಕಿಲೋಗ್ರಾಮನ್ನು ಹಿಡಿಯಬೇಕಾಗುತ್ತದೆ. ಹಿಡಿಯಲಾರದು, ಹಗ್ಗವು ಜಾರುತ್ತದೆ. ಜಾರಬೇಕಾದುದೇ ಸರಿ. ಎರಡು ಸುತ್ತು ಹಾಕಿದ್ದರೆ ಐದಕ್ಕಿಂತ ಕಡಿಮೆ ಬಲವೇ ಸಾಕಾಗಿ, ಕೈ ಬಿಡದೆ ನಿಂತು, ಜಗ್ಗೆಲ್ಲವೂ ಮುಂಚಕ್ರದ ಮೇಲೆ ಬೀಳುತ್ತಿತ್ತು. ಬಲವಾಗಿ ಹಿಡಿಯಲಾಗದಿರುವುದೇ ಇಲ್ಲಿ ರಕ್ಷಣೆ ಎಂಬುದು ನನಗೆ ಬಹಳ ಮೆಚ್ಚಿಕೆಯಾದ ಮಾತು.

ಎಡಗೈಯನ್ನೇ ಹೇಳಿದ್ದಕ್ಕೆ ಕಾರಣವುಂಟು. ಎಂಜಿನ್ನು ಸತ್ತು ಗೇರು ತಟಸ್ಥವಾಗಿರುವಾಗ ಕ್ಲಚ್ಚಿಗೆ ಕೆಲಸವಿಲ್ಲ, ಎಡಗೈ ಬಿಡುವಾಗಿರುತ್ತದೆ. ಬಲಗೈಯಲ್ಲಿ ಮುಂಬ್ರೇಕು, ಬಲಗಾಲಿನಲ್ಲಿ ಹಿಂಬ್ರೇಕು. ಹಳೆಯ ಬುಲೆಟ್ಟಿನಲ್ಲಿ ಹಿಂಬ್ರೇಕು ಎಡಗಾಲಿಗಿತ್ತೆಂಬುದನ್ನು ಅದರ ಅಭಿಮಾನಿಗಳು ನೆನಪಿಡಬೇಕು. ಹಗ್ಗವು ಸಡಿಲಾಗದಂತೆ ಹಿಂಬ್ರೇಕನ್ನು ಮೆಲ್ಲಗೆ ಒತ್ತುತ್ತಿರುವುದು ಹಿಂದಿನವನ ಹೊಣೆ. ಮುಂದಿನವನು ಥಟ್ಟನೆ ಬ್ರೇಕು ಹಾಕಬಾರದು. ನಿಲ್ಲಬೇಕಾದರೆ ಕೈಸನ್ನೆ ಮಾಡಿ, ವೇಗವನ್ನು ತಾನಾಗಿ ಇಳಿಯಲು ಬಿಡಬೇಕು. ತಿರುವಿನಲ್ಲಿ ನಡಿಗೆಯ ವೇಗ ಸಾಕು. ಇಳಿಜಾರಿನಲ್ಲಿ ಹಗ್ಗವನ್ನು ಬಿಟ್ಟು, ತನ್ನ ಭಾರದಿಂದಲೇ ಇಳಿದು, ಕೆಳಗೆ ಮತ್ತೆ ಹಿಡಿಯುವುದು ಮೇಲು. ಎಂಜಿನ್ನು ಓಡದಿದ್ದರೆ ಹಲವು ವಾಹನಗಳ ಮುಂದೀಪವೂ ಉರಿಯದು. ಕತ್ತಲಾದ ಮೇಲೆ ಹಗ್ಗದ ಮಾತನ್ನೇ ಎತ್ತಬಾರದೆಂಬುದು ನನ್ನ ಅಭಿಪ್ರಾಯ. ಎರಡು ವಾಹನಗಳ ನಡುವೆ ದಾಟಲು ಬರುವ ಪಾದಚಾರಿಗೆ ಹಗ್ಗ ಕಾಣುವುದೆಂತು?

ಹಗ್ಗವಿಲ್ಲದೆ, ಇನ್ನೊಂದು ಮೋಟಾರು ಸೈಕಲ್ಲಿನವನು ಪಕ್ಕದಲ್ಲಿ ಹಿಂದೆ ಬಂದು, ಕೆಟ್ಟ ವಾಹನದ ಹಿಂಬದಿಯ ಪಾದದಾನಿಗೆ ಕಾಲು ಕೊಟ್ಟು ತಳ್ಳುವುದು ನಮ್ಮ ರಸ್ತೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಇಬ್ಬರೂ ರಸ್ತೆಯ ಅಗಲವನ್ನು ಆಕ್ರಮಿಸುವುದು, ಬಲವು ಒಂದು ಬದಿಗೆ ಬೀಳುವುದು, ತಳ್ಳುವವನು ಒಂದು ಕಾಲನ್ನು ಕಳೆದುಕೊಂಡವನಂತೆ ಸವಾರಿ ಮಾಡುವುದು ಇದರ ದೋಷಗಳು. ಆದರೂ ಕಾಲು ತೆಗೆದೊಡನೆ ಸಂಬಂಧ ಕಡಿಯುತ್ತದೆ. ಕಟ್ಟಿದ ಹಗ್ಗಕ್ಕೆ ಈ ಗುಣವಿಲ್ಲ. ಎರಡರಲ್ಲಿ ಯಾವುದು ವಾಸಿ ಎಂದು ಒತ್ತಾಯಿಸಿ ಕೇಳಿದರೆ, ಹಗಲಿನಲ್ಲಿ, ನಿರ್ಜನವಾದ ನೇರ ದಾರಿಯಲ್ಲಿ ಕಾಲೇ ವಾಸಿ ಎಂದೇನು.

ಎಳೆಯುವ ಮುನ್ನ ಎಳೆಯುವ ಅಗತ್ಯವಿದೆಯೇ ಎಂದು ನೋಡಬೇಡವೇ? ಎಂಜಿನ್ನನ್ನು ನಿಲ್ಲಿಸುವ ಕೆಂಪು ಗುಂಡಿ ಒತ್ತಿಹೋಗಿರುವುದುಂಟು. ಪೆಟ್ರೋಲಿನ ನಲ್ಲಿ ಮುಚ್ಚಿರುವುದುಂಟು. 1960ರ ಸುಮಾರಿಗೆ ಮೈಸೂರಿನಲ್ಲಿ ಸ್ಥಾಪಿತವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳನ್ನು ನಮ್ಮ ಹಿರಿಯ ವಿದ್ಯಾರ್ಥಿಗಳು ಮರೆತಿರಲಾರರು. ಕಿಕ್ಕಿನ ಕಡ್ಡಿಯೇ ಗೇರಿನ ಕಡ್ಡಿಯೂ ಆಗಿದ್ದ ಆ ವಾಹನಗಳಲ್ಲಿ ಪ್ಲಗ್ಗಿನ ಮಸಿ ಒರೆಸಿದರೆ ಅರ್ಧ ರೋಗ ವಾಸಿಯಾಗುತ್ತಿತ್ತು. ಅವು ಎರಡು ಹೊಡೆತದ ಎಂಜಿನ್ನುಗಳು. ಎಣ್ಣೆಯು ಪೆಟ್ರೋಲಿನೊಡನೆ ಬೆರೆತು ಒಳಹೋಗಬೇಕು. ಗೇರಿನಲ್ಲಿಟ್ಟು ಎಳೆದರೆ ಎಂಜಿನ್ನು ಎಣ್ಣೆಯಿಲ್ಲದೆ ತಿರುಗಿ ಸವೆಯುತ್ತದೆ. ಎರಡನೆಯ ಗೇರಿನಲ್ಲಿಟ್ಟು ತಳ್ಳಿ, ಕ್ಲಚ್ಚು ಬಿಟ್ಟು ಚಾಲೂ ಮಾಡುವ ಹಳೆಯ ಉಪಾಯವು ಈಗ ಎಲ್ಲ ಕಡೆಯೂ ನಡೆಯದು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮವು ಜಾರಿಗೆ ಬಂದ ಮೇಲೆ ಬಹುಪಾಲು ವಾಹನಗಳಲ್ಲಿ ಪೆಟ್ರೋಲನ್ನು ವಿದ್ಯುತ್ ಪಂಪು ಚಿಮ್ಮಿಸುತ್ತದೆ. ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ತಳ್ಳಿ ಫಲವಿಲ್ಲ. ಗೇರಿಲ್ಲದ ಸ್ಕೂಟರನ್ನು ತಳ್ಳಿ ಚಾಲೂ ಮಾಡುವುದಂತೂ ಆಗದ ಮಾತು.

ಕಾನೂನಿನ ವಿಷಯವನ್ನೂ ಹೇಳಬೇಕು. ನಮ್ಮ ದೇಶದ 1989ರ ರಸ್ತೆ ನಿಯಮಾವಳಿಯು ಕೆಟ್ಟ ವಾಹನವನ್ನು ಸಮೀಪದ ಗ್ಯಾರೇಜಿಗೋ ಪೆಟ್ರೋಲ್ ಬಂಕಿಗೋ ಎಳೆದೊಯ್ಯಲು ಅನುಮತಿ ಕೊಟ್ಟು, ಎರಡು ವಾಹನಗಳ ನಡುವಣ ಅಂತರವು 5 ಮೀಟರನ್ನೂ ವೇಗವು ಗಂಟೆಗೆ 24 ಕಿಲೋಮೀಟರನ್ನೂ ಮೀರಬಾರದೆಂದೂ, ಎಳೆಸಿಕೊಳ್ಳುವ ವಾಹನದಲ್ಲಿ ಪರವಾನಗಿಯುಳ್ಳವನು ಕುಳಿತಿರಬೇಕೆಂದೂ, ಹಗ್ಗವು ಇತರರಿಗೆ ಎದ್ದು ಕಾಣಬೇಕೆಂದೂ ವಿಧಿಸಿತ್ತು. 2017ರಲ್ಲಿ ಬಂದ ಮೋಟಾರು ವಾಹನ ಚಾಲನಾ ವಿನಿಯಮಗಳು ಅದರ ಸ್ಥಾನವನ್ನು ಪಡೆದಿವೆ. ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿಯು ಇಷ್ಟು ದೂರ ಬರುವುದೇ ಇಲ್ಲ. ಮೋಟಾರು ಸೈಕಲ್ಲನ್ನು ಎಳೆದೊಯ್ಯಬಾರದೆಂದು ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ರಷ್ಯದಲ್ಲಿ ಪಕ್ಕದ ತೊಟ್ಟಿಲಿಲ್ಲದ ಮೋಟಾರು ಸೈಕಲ್ಲನ್ನು ಎಳೆಯುವುದೂ ಅದರಿಂದ ಎಳೆಸುವುದೂ ಎರಡೂ ನಿಷಿದ್ಧ. ಲೆಕ್ಕವನ್ನು ನೋಡಿದ ಮೇಲೆ ಈ ಬಿಗಿಯು ಅತಿಯೆಂದು ನನಗೆ ತೋರಲಿಲ್ಲ.

ಆದಕಾರಣ ಸಾಮಾನು ಸಾಗಿಸುವ ಟೆಂಪೋ ಆಗಲಿ ಟ್ರ್ಯಾಕ್ಟರಿನ ಟ್ರೇಲರ್ ಆಗಲಿ ದೊರೆತರೆ, ಕಾದು ಕುಳಿತಾದರೂ ಅದರಲ್ಲಿ ಹೇರಿಕೊಂಡು ಹೋಗುವುದೇ ಉತ್ತಮ ಪಕ್ಷ. ಮೂವರಿದ್ದರೆ ಎತ್ತಿ ಹಾಕಬಹುದು. ಪೆಟ್ರೋಲಿನ ನಲ್ಲಿಯಿದ್ದರೆ ಮುಚ್ಚಿ, ಮುಂಚಕ್ರವನ್ನು ಎದುರಿನ ಹಲಗೆಗೆ ತಾಗಿಸಿ, ನಿಲುಗಾಲನ್ನು ನಂಬದೆ, ಮುಂಗವೆಯ ಎರಡು ಬದಿಗಳಿಂದಲೂ ಕೆಳಕ್ಕೆ ಹಗ್ಗ ಬಿಟ್ಟು, ಮುಂದಿನ ಸ್ಪ್ರಿಂಗು ಅರ್ಧ ಕುಗ್ಗುವಂತೆ ಜಗ್ಗಿ ಕಟ್ಟಬೇಕು. ಕಗ್ಗಂಟಿಗೆ ಸ್ಥಳವಿರುವುದು ಇಲ್ಲಿ. ಒಂದೆರಡು ಮೈಲಿ ಸಾಗಿದ ಮೇಲೆ ನಿಲ್ಲಿಸಿ ಹಗ್ಗಗಳನ್ನು ಮತ್ತೊಮ್ಮೆ ಮುಟ್ಟಿ ನೋಡಬೇಕು. ಕುಲುಕಾಟಕ್ಕೆ ಹೊಸ ಹಗ್ಗವು ಹಿಗ್ಗಿ ಸಡಿಲಾಗಿರುತ್ತದೆ.